ಮಗ ಕಾಲೇಜ್ ಕಪ್ ಆಡ್ತೀನಿ ಅಂತಾನೆ, ಸೈಟು ಮಾರಬಹುದಾ?

ಪ್ರಶ್ನೆ:

ನಮಸ್ಕಾರ ಸರ್. ನಾವು ಮೈಸೂರಿನವರು. ಮಗನಿಗೆ 17 ವರ್ಷ. ಸೆಕೆಂಡ್ ಪಿಯುಸಿ ಓದುತ್ತಿದ್ದಾನೆ, ಬೇಸಿಕ್ ಮ್ಯಾಥ್ಸ್ ಇರುವ ಕಾಮರ್ಸ್. ಎಂಟನೇ ವಯಸ್ಸಿನಿಂದ ಫುಟ್‌ಬಾಲ್ ಆಡುತ್ತಿದ್ದಾನೆ. ಎರಡು ವರ್ಷದಿಂದ ಬೆಂಗಳೂರಿನ ಒಂದು ಕ್ಲಬ್ಬಿನ ಪರವಾಗಿ ಲೀಗ್‌ನಲ್ಲಿ ಮಿಡ್‌ಫೀಲ್ಡ್ ಆಡುತ್ತಾನೆ. ಓಡಾಟದ ಖರ್ಚಿಗೆ ಅಂತ ಅವರು ತಿಂಗಳಿಗೆ ಸ್ವಲ್ಪ ದುಡ್ಡು ಕೊಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕ್ಯಾರಿಯಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆವು. ಭಾವ ಇವನನ್ನು ಅಲ್ಲಿನ ಕಾಲೇಜು ಫುಟ್‌ಬಾಲ್ ಫೈನಲ್‌ಗೆ ಕರೆದುಕೊಂಡು ಹೋದರು. ವರ್ಮಾಂಟ್ ಗೆದ್ದಿತಂತೆ. ಅವತ್ತಿನಿಂದ ಇವನಿಗೆ ಒಂದೇ ಜಪ: ‘ನಾನೂ ಕಾಲೇಜ್ ಕಪ್ ಆಡಬೇಕು.’

ಬೆಂಗಳೂರಿನ ಒಬ್ಬ ಏಜೆಂಟರು ‘ಡಿವಿಷನ್ 1ರಲ್ಲಿ ಫುಲ್ ಸ್ಕಾಲರ್‌ಶಿಪ್ ಕೊಡಿಸುತ್ತೇವೆ. ಈಗ ಒಂದೂವರೆ ಲಕ್ಷ, ಸ್ಕಾಲರ್‌ಶಿಪ್ ಸಿಕ್ಕ ಮೇಲೆ ನಾಲ್ಕೂವರೆ ಲಕ್ಷ’ ಅಂದಿದ್ದಾರೆ. ನಮ್ಮ ಯಜಮಾನರು ಸೈಟು ಮಾರೋಕೂ ತಯಾರಾಗಿದ್ದಾರೆ. ಕ್ಲಬ್ ಕೋಚ್ ‘ಪಿಯುಸಿ ಆದ ಮೇಲೆ ಎರಡು ವರ್ಷ ಇಲ್ಲೇ ಆಡಲಿ, ಗಟ್ಟಿಯಾಗಲಿ, ಆಮೇಲೆ ಹೋಗಲಿ’ ಅನ್ನುತ್ತಾರೆ. ಅಲ್ಲಿಯವರೆಗೆ ಇಲ್ಲೇ ಬಿ.ಕಾಂ.ಗೆ ಸೇರಿಸೋಣ ಅಂತ ನನ್ನ ಯೋಚನೆ. ನನ್ನ ತಮ್ಮ ಮಾತ್ರ ‘ನಿಜವಾದ ಆಟಗಾರರು ಕಾಲೇಜಿಗೆ ಹೋಗಲ್ಲ, ಅದು ಟೈಮ್ ವೇಸ್ಟ್’ ಅಂತಾನೆ. ಯಾರ ಮಾತು ಕೇಳಬೇಕು ಅಂತ ಗೊತ್ತಾಗುತ್ತಿಲ್ಲ. ದಯವಿಟ್ಟು ನೇರವಾಗಿ ಹೇಳಿ.

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ‘ಮಗ ಸೆಲೆಕ್ಟ್ ಆಗ್ತಾನಾ’ ಅನ್ನೋ ಒಂದೇ ಪ್ರಶ್ನೆ ಇರುತ್ತದೆ. ನೀವು ದುಡ್ಡಿನ ವಿಷಯ, ಕ್ಲಬ್ಬಿನ ವಿಷಯ, ಓದಿನ ವಿಷಯ ಎಲ್ಲ ಮುಚ್ಚಿಡದೆ ಬರೆದಿದ್ದೀರಿ. ಅದಕ್ಕೇ ನಾನೂ ಬಿಡಿಸಿ ಹೇಳಬಹುದು. ಅಮೆರಿಕದ ಕಾಲೇಜು ತಂಡಗಳಲ್ಲಿ ಸಹಾಯಕ ಕೋಚ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಹೊರದೇಶದ ಹುಡುಗರ ಅರ್ಜಿ, ದಾಖಲೆ ನೋಡುವ ಕೆಲಸ ಹೆಚ್ಚಾಗಿ ನನ್ನ ಮೇಜಿಗೇ ಬರುತ್ತಿತ್ತು.

ನಿಮ್ಮ ಚಿಂತೆಯ ಸಾರ ಇಷ್ಟು ಅಂತ ನಾನು ತಿಳಿದುಕೊಂಡಿದ್ದೇನೆ. ಮಗನ ಆಸೆ ನಿಜವಾದದ್ದು. ಅದಕ್ಕೆ ಅಡ್ಡ ಬರೋಕೆ ನಿಮಗೆ ಮನಸ್ಸಿಲ್ಲ. ಆದರೆ ಮನೆಯ ಆಸ್ತಿ ಕರಗಿ, ಓದೂ ಕೆಟ್ಟು, ಆಟವೂ ಸಿಗದೆ ಹೋದರೆ ಅನ್ನೋ ಭಯ ಇದೆ. ಭಯ ಸರಿಯಾದದ್ದೇ.

ನಿಮ್ಮ ಮಗ ನೋಡಿದ ಪಂದ್ಯದಿಂದಲೇ ಶುರು ಮಾಡುತ್ತೇನೆ. ಅದು ಎನ್‌ಸಿಎಎ ಡಿವಿಷನ್ 1 ಪುರುಷರ ಸಾಕರ್ ಚಾಂಪಿಯನ್‌ಶಿಪ್ ಫೈನಲ್. ಎನ್‌ಸಿಎಎ ಅಂದರೆ ಅಲ್ಲಿನ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ. ಅದು ಕಾಲೇಜುಗಳನ್ನು 1, 2, 3 ಅಂತ ಮೂರು ಡಿವಿಷನ್‌ಗಳಾಗಿ ಹಂಚಿದೆ. ನಾವು ಫುಟ್‌ಬಾಲ್ ಅನ್ನುವುದನ್ನು ಅಲ್ಲಿ ಸಾಕರ್ ಅನ್ನುತ್ತಾರೆ. ಸೆಮಿಫೈನಲ್, ಫೈನಲ್ ಎರಡೂ ಸೇರಿ ಕಾಲೇಜ್ ಕಪ್. ಅವತ್ತು ಮಾರ್ಷಲ್ ಮೊದಲು ಗೋಲು ಹೊಡೆದಿತ್ತು. ವರ್ಮಾಂಟ್ ಕೊನೆಯ ಹತ್ತು ನಿಮಿಷದಲ್ಲಿ ಸಮ ಮಾಡಿಕೊಂಡಿತು. ಹೆಚ್ಚುವರಿ ಸಮಯದಲ್ಲಿ ಮ್ಯಾಕ್ಸಿಮಿಲಿಯನ್ ಕಿಸೆಲ್ ಹೊಡೆದ ಗೋಲಿನಿಂದ 2-1ರಲ್ಲಿ ಗೆದ್ದಿತು. ವರ್ಮಾಂಟ್‌ಗೆ ಅದು ಮೊದಲ ಪಟ್ಟ. ಆ ವರ್ಷ ಆಯ್ಕೆ ಸಮಿತಿ ಅವರನ್ನು ಮೊದಲ 16 ತಂಡಗಳಲ್ಲಿ ಇಟ್ಟೇ ಇರಲಿಲ್ಲ. ಅಂಥ ಪಂದ್ಯವನ್ನು ಮೈದಾನದಲ್ಲೇ ಕೂತು ನೋಡಿದ ಹುಡುಗನಿಗೆ ಹುಚ್ಚು ಹಿಡಿಯದಿದ್ದರೇ ಆಶ್ಚರ್ಯ.

ಆದರೆ ಆ ಪಂದ್ಯದ ಹಿಂದಿನ ಲೆಕ್ಕ ಅವನಿಗೆ ಕಂಡಿರುವುದಿಲ್ಲ. ಡಿವಿಷನ್ 1ರಲ್ಲಿ ಪುರುಷರ ಸಾಕರ್ ಆಡುವ ಕಾಲೇಜುಗಳು 200ಕ್ಕೂ ಜಾಸ್ತಿ ಇವೆ. ಟೂರ್ನಮೆಂಟ್‌ಗೆ ಬರೋದು 48. ಒಂದೊಂದು ಕಾನ್ಫರೆನ್ಸ್, ಅಂದರೆ ಕಾಲೇಜುಗಳ ಒಂದೊಂದು ಗುಂಪು, ಗೆದ್ದ ತಂಡವನ್ನು ನೇರವಾಗಿ ಕಳಿಸುತ್ತದೆ. ಉಳಿದವರನ್ನು ಸಮಿತಿ ಆರಿಸುತ್ತದೆ. ಎಷ್ಟು ಗೆದ್ದರು ಅನ್ನುವುದರ ಜೊತೆಗೆ ಯಾರ ಮೇಲೆ ಗೆದ್ದರು ಅನ್ನೋದನ್ನೂ ನೋಡುತ್ತಾರೆ. ಮೊದಲ 16 ತಂಡಗಳಿಗೆ ಮೊದಲ ಸುತ್ತು ಇರುವುದಿಲ್ಲ, ಎರಡನೇ ಸುತ್ತನ್ನು ತಮ್ಮ ಮೈದಾನದಲ್ಲೇ ಆಡುತ್ತಾರೆ. ಅಲ್ಲಿಂದ ಮುಂದೆ ಸೋತರೆ ಮನೆಗೆ. ವರ್ಮಾಂಟ್‌ನಂಥ ತಂಡ ಪಟ್ಟ ಗೆಲ್ಲಬೇಕಾದರೆ ಒಂದೂ ಸೋಲದೆ ಆರು ಪಂದ್ಯ ದಾಟಬೇಕು.

ಹಾಗಾಗಿ ‘ಕಾಲೇಜ್ ಕಪ್ ಆಡಿಸುವ ಕಾಲೇಜು’ ಅಂತ ಒಂದು ಇಲ್ಲ. ಇತಿಹಾಸ ನೋಡಿ. ಟೂರ್ನಮೆಂಟ್ ಶುರುವಾಗಿದ್ದು 1959ರಲ್ಲಿ, ಬರೀ ಎಂಟು ತಂಡಗಳಿಂದ. 1973ರವರೆಗಿನ 15 ವರ್ಷಗಳಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 10 ಸಲ ಪಟ್ಟ ಗೆದ್ದಿತು. ಅದರಲ್ಲಿ ಒಂದನ್ನು ಹಂಚಿಕೊಂಡಿತ್ತು. ಇವತ್ತಿಗೂ ಆ ದಾಖಲೆ ಅವರದೇ. ತಂಡದಲ್ಲಿ ಇದ್ದವರು ಬಹುಪಾಲು ಅದೇ ಊರಿನ ಹುಡುಗರು, ಚರ್ಚ್ ಬಡಾವಣೆಗಳ ಲೀಗ್‌ಗಳಲ್ಲಿ ಆಡಿ ಬೆಳೆದವರು. ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್ ಬೀದಿಗಳನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಬಡಾವಣೆಗೇ ಚೆಂಡಿನ ಹುಚ್ಚು ಹತ್ತಿದರೆ ಏನೆಲ್ಲಾ ಆಗುತ್ತದೆ ಅಂತ! ಆದರೆ 1973ರ ಆಮೇಲೆ ಸೇಂಟ್ ಲೂಯಿಸ್‌ಗೆ ಒಂದೂ ಪಟ್ಟ ಸಿಕ್ಕಿಲ್ಲ. ಎಂಟು ಸಲ ಗೆದ್ದ ಇಂಡಿಯಾನ 2012ರ ನಂತರ 2017, 2020, 2022ರ ಟೂರ್ನಮೆಂಟ್‌ಗಳಲ್ಲಿ ಫೈನಲ್‌ವರೆಗೂ ಬಂದು ಸೋತಿದೆ. ಅತಿ ದೊಡ್ಡ ಹೆಸರಿನ ಕಾಲೇಜಿಗೇ ಖಾತ್ರಿ ಇಲ್ಲದ್ದನ್ನು ಒಬ್ಬ ಏಜೆಂಟ್ ನಿಮಗೆ ಖಾತ್ರಿ ಕೊಡೋಕಾಗಲ್ಲ, ಅಲ್ವಾ?

ಈಗ ಆ ಏಜೆಂಟರ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ‘ಸ್ಕಾಲರ್‌ಶಿಪ್ ಸಿಕ್ಕ ಮೇಲೆ ಇಷ್ಟು ಕೊಡಿ’ ಅನ್ನೋ ಷರತ್ತೇ ನಿಮ್ಮ ಮಗನಿಗೆ ಅಪಾಯ. ವಿಡಿಯೊ ಮಾಡಿಸೋಕೆ, ಕೋಚ್‌ಗಳಿಗೆ ಮಾಹಿತಿ ಕಳಿಸೋಕೆ ಇಷ್ಟು ಅಂತ ಒಂದು ನಿಗದಿತ ಫೀಸ್ ತಗೊಳ್ಳುವ ಸೇವೆಯನ್ನು ಎನ್‌ಸಿಎಎ ಒಪ್ಪುತ್ತದೆ. ಆದರೆ ಹುಡುಗನಿಗೆ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೊಡಿಸಿದ್ದಕ್ಕೆ ಪ್ರತಿಫಲ ತಗೊಂಡರೆ ಅವನನ್ನು ಆಟಗಾರನ ಏಜೆಂಟ್ ಅಂತ ಲೆಕ್ಕ ಹಾಕುತ್ತಾರೆ. ಅಂಥ ಒಪ್ಪಂದ ಹುಡುಗನ ಆಡುವ ಅರ್ಹತೆಗೇ ಕುತ್ತು. ಅಂದರೆ ನೀವು ನಾಲ್ಕೂವರೆ ಲಕ್ಷ ಕೊಟ್ಟು, ಮಗ ಆಡಬಾರದು ಅನ್ನೋದಕ್ಕೆ ಒಂದು ದಾಖಲೆಯನ್ನು ಕೈಯಾರೆ ಮಾಡಿಸಿಕೊಂಡ ಹಾಗೆ. ದಯವಿಟ್ಟು ಅದಕ್ಕೆ ಸಹಿ ಹಾಕಬೇಡಿ.

ಇನ್ನು ಅವರು ಹೇಳುವ ‘ಫುಲ್ ಸ್ಕಾಲರ್‌ಶಿಪ್’. ಬಹಳ ವರ್ಷ ಡಿವಿಷನ್ 1ರ ಒಂದು ಪುರುಷರ ಸಾಕರ್ ತಂಡಕ್ಕೆ, ಇಡೀ ತಂಡಕ್ಕೆ, 9.9 ಸ್ಕಾಲರ್‌ಶಿಪ್ ಮಾತ್ರ ಮಿತಿ ಇತ್ತು. ಅದನ್ನೇ ಕೋಚ್ ಇಪ್ಪತ್ತೈದು ಮೂವತ್ತು ಹುಡುಗರಿಗೆ ಚೂರು ಚೂರು ಹಂಚುತ್ತಿದ್ದರು. ಒಬ್ಬನಿಗೆ ಅರ್ಧ, ಒಬ್ಬನಿಗೆ ಕಾಲು, ಒಬ್ಬನಿಗೆ ಪುಸ್ತಕದ ಖರ್ಚು ಮಾತ್ರ. ಪೂರ್ತಿ ಸಿಗುತ್ತಿದ್ದುದು ತೀರಾ ಅಪರೂಪಕ್ಕೆ ಒಬ್ಬಿಬ್ಬರಿಗೆ. 2025ರ ಜೂನ್‌ನಲ್ಲಿ ಅಲ್ಲಿನ ಕೋರ್ಟ್ ಒಂದು ದೊಡ್ಡ ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಸೇರಿದ ಕಾಲೇಜುಗಳಿಗೆ ಈಗ ಸ್ಕಾಲರ್‌ಶಿಪ್ ಮಿತಿ ಇಲ್ಲ. ಬದಲಿಗೆ ತಂಡದಲ್ಲಿ 28 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಏಜೆಂಟರು ಇದನ್ನೇ ತೋರಿಸಿ ‘ಈಗ 28 ಜನಕ್ಕೂ ಫುಲ್’ ಅನ್ನಬಹುದು. ಹಾಗಲ್ಲ. ಕೊಡಬಹುದು ಅಂತ ನಿಯಮ ಬಂದಿದೆ, ಕೊಡೋಕೆ ದುಡ್ಡು ಬಂದಿಲ್ಲ. ಅಲ್ಲಿ ಕಾಲೇಜಿಗೆ ದುಡ್ಡು ತರುವುದು ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್. ಹೊಸ ದುಡ್ಡು ಮೊದಲು ಹೋಗುವುದೂ ಅಲ್ಲಿಗೇ. ನಮ್ಮ ಹುಡುಗರ ಮಟ್ಟಿಗೆ ಈ ಬದಲಾವಣೆಯಿಂದ ತಕ್ಷಣ ಆಗಿದ್ದು ಒಂದೇ. ದೊಡ್ಡ ಕಾಲೇಜುಗಳಲ್ಲಿ ಜಾಗ ಕಡಿಮೆಯಾಯಿತು. ಮೊದಲು ‘ಬಾ, ದುಡ್ಡು ಇಲ್ಲ, ಆದರೆ ತಂಡದಲ್ಲಿ ಇರು’ ಅಂತ ಸೇರಿಸಿಕೊಳ್ಳುತ್ತಿದ್ದ ಕೊನೆಯ ನಾಲ್ಕೈದು ಹುಡುಗರಿಗೆ ಈಗ ಬಾಗಿಲು ಮುಚ್ಚಿದೆ.

ಸೈಟಿನ ಮಾತಿಗೆ ಬರೋಣ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಫೀಸು, ಹಾಸ್ಟೆಲ್, ಊಟ, ಇನ್ಶೂರೆನ್ಸ್ ಸೇರಿ ವರ್ಷಕ್ಕೆ 60,000 ಡಾಲರ್ ಆಗುವ ಒಂದು ಕಾಲೇಜು ಅಂತ ಇಟ್ಟುಕೊಳ್ಳಿ. ಕೆಲವು ಖಾಸಗಿ ಕಾಲೇಜುಗಳಲ್ಲಿ ಇದು 80,000 ದಾಟುತ್ತದೆ. ಕೋಚ್ 30 ಪರ್ಸೆಂಟ್ ಸ್ಕಾಲರ್‌ಶಿಪ್ ಕೊಟ್ಟರು ಅನ್ನಿ. ಒಬ್ಬ 18 ವರ್ಷದ ಹೊಸ ಹುಡುಗನಿಗೆ ಅದು ಒಳ್ಳೆಯ ಆಫರ್. ಆದರೂ ವರ್ಷಕ್ಕೆ 42,000 ಡಾಲರ್ ನಿಮ್ಮದು. ನಾಲ್ಕು ವರ್ಷಕ್ಕೆ 1,68,000. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೂ ಸುಮಾರು 1 ಕೋಟಿ 43 ಲಕ್ಷ. ಇದರಲ್ಲಿ ವಿಮಾನದ ಟಿಕೆಟ್ ಸೇರಿಲ್ಲ, ವರ್ಷ ವರ್ಷ ಏರುವ ಫೀಸೂ ಸೇರಿಲ್ಲ. ವೀಸಾಗೆ ಬೇಕಾದ ಐ-20 ಪತ್ರ ಕೊಡುವ ಮೊದಲೇ ಮೊದಲ ವರ್ಷದ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕಾಲೇಜು ದಾಖಲೆ ಕೇಳುತ್ತದೆ. ಅಲ್ಲಿ ಹೋಗಿ ದುಡಿದು ತುಂಬಿಕೊಳ್ಳುತ್ತಾನೆ ಅನ್ನೋ ಆಸೆ ಇಟ್ಟುಕೊಳ್ಳಬೇಡಿ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. ಈಗ ಅಮೆರಿಕದ ಕಾಲೇಜು ಆಟಗಾರರು ಜಾಹೀರಾತಿನಿಂದ ದುಡಿಯುತ್ತಾರೆ ಅಂತ ಓದಿರುತ್ತೀರಿ. ಆ ದಾರಿಯೂ ವೀಸಾದ ಹುಡುಗರಿಗೆ ಸಲೀಸಾಗಿಲ್ಲ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳದೆ ಒಂದು ಡಾಲರನ್ನೂ ಮುಟ್ಟಬಾರದು.

ಹಾಗಾದರೆ ದಾರಿಯೇ ಇಲ್ವಾ? ಇದೆ. ಆದರೆ ಅದು ಹೆಚ್ಚಾಗಿ ಪುಸ್ತಕದ ಕಡೆಯಿಂದ ಹೋಗುತ್ತದೆ. ಓದಿನ ಮೇಲೆ ಕೊಡುವ ಮೆರಿಟ್ ಸ್ಕಾಲರ್‌ಶಿಪ್, ಮನೆಯ ಆದಾಯ ನೋಡಿ ಕೊಡುವ ನೆರವು, ಇವು ಆಟದ ಸ್ಕಾಲರ್‌ಶಿಪ್‌ಗಿಂತ ಎಷ್ಟೋ ಸಲ ದೊಡ್ಡದಾಗಿರುತ್ತವೆ. ನಾನಿದ್ದಾಗ ಹೊರದೇಶದ ಹುಡುಗರಲ್ಲಿ ನೆಮ್ಮದಿಯಾಗಿ ನಾಲ್ಕು ವರ್ಷ ಮುಗಿಸಿದವರು ಬಹುಪಾಲು ಇಂಥವರೇ. ಅಂಕ ಚೆನ್ನಾಗಿದ್ದವನಿಗೆ ಕೋಚ್ ಅಡ್ಮಿಷನ್ ಕಚೇರಿಯಲ್ಲಿ ಒಂದು ಮಾತು ಹೇಳಿದರೆ ಅದಕ್ಕೆ ತೂಕ ಇರುತ್ತದೆ. ಅಂಕ ಕಡಿಮೆ ಇದ್ದವನಿಗೆ ಕೋಚ್ ಎಷ್ಟು ಹೇಳಿದರೂ ಅಷ್ಟೇ.

ಡಿವಿಷನ್ 1 ಅಂದರೆ ಮೊದಲ ದರ್ಜೆ, 3 ಅಂದರೆ ಮೂರನೇ ದರ್ಜೆ ಅನ್ನೋದು ಇನ್ನೊಂದು ತಪ್ಪು ತಿಳಿವಳಿಕೆ. ಅದು ರೈಲಿನ ಬೋಗಿ ಅಲ್ಲ. ಡಿವಿಷನ್ 3ರಲ್ಲಿ ಆಟದ ಸ್ಕಾಲರ್‌ಶಿಪ್ ಕೊಡುವಂತೆಯೇ ಇಲ್ಲ. ಆದರೆ ಅಮೆರಿಕದ ಕೆಲವು ಅತ್ಯುತ್ತಮ ಕಾಲೇಜುಗಳು ಇರುವುದು ಅಲ್ಲೇ. ಅವರಿಗೂ ಅವರದೇ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇದೆ. 2022ರಲ್ಲಿ ಡಿವಿಷನ್ 3 ಪಟ್ಟ ಗೆದ್ದಿದ್ದು ಯೂನಿವರ್ಸಿಟಿ ಆಫ್ ಶಿಕಾಗೊ. ಆಗ ಅದರ ಕೋಚ್ ಜೂಲಿಯಾನ್ ಸಿಚ್. ಎನ್‌ಸಿಎಎ ಪುರುಷರ ಸಾಕರ್ ಪಟ್ಟ ಗೆದ್ದ ಮೊದಲ ಮಹಿಳಾ ಕೋಚ್ ಅವರು. ಅಲ್ಲಿ ಆಡಿದ ಹುಡುಗರ ಕೈಯಲ್ಲಿ ಕೊನೆಗೆ ಉಳಿದ ಡಿಗ್ರಿ ಎಂಥದ್ದು ಅಂತ ಯೋಚಿಸಿ. ಹಾಗೇ ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು ಡಿವಿಷನ್ 1ರಲ್ಲೇ ಆಡುತ್ತವೆ, ಆದರೆ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲ.

ನಿಮ್ಮ ತಮ್ಮನ ಮಾತಿನಲ್ಲಿ ಅರ್ಧ ಸತ್ಯ ಇದೆ. ಯುರೋಪಿನಲ್ಲಿ 18ಕ್ಕೇ ಪ್ರೊಫೆಷನಲ್ ಆಗುವಂಥವನು ಕಾಲೇಜಿಗೆ ಬರುವುದಿಲ್ಲ. ಅಮೆರಿಕದ ಪ್ರೊಫೆಷನಲ್ ಲೀಗ್ ಆದ ಎಂಎಲ್‌ಎಸ್‌ನ ಕ್ಲಬ್‌ಗಳೂ ಈಗ ತಮ್ಮದೇ ಅಕಾಡೆಮಿಯಿಂದ ಹುಡುಗರನ್ನು ಬೆಳೆಸುತ್ತವೆ. ಹಿಂದೆ ಕಾಲೇಜು ಹುಡುಗರನ್ನು ಆರಿಸುವ ಸೂಪರ್‌ಡ್ರಾಫ್ಟ್‌ಗೆ ಇದ್ದ ಬೆಲೆ ಈಗಿಲ್ಲ. ಆದರೆ ‘ಟೈಮ್ ವೇಸ್ಟ್’ ಅನ್ನೋದು ಸುಳ್ಳು. ಅಮೆರಿಕ ತಂಡದ ಹೆಸರಾಂತ ಆಟಗಾರ ಕ್ಲಿಂಟ್ ಡೆಂಪ್ಸಿ ಫರ್ಮನ್ ಕಾಲೇಜಿನಲ್ಲಿ ಆಡಿದವರು. ಗೋಲ್‌ಕೀಪರ್ ಮ್ಯಾಟ್ ಟರ್ನರ್ ಫೇರ್‌ಫೀಲ್ಡ್ ಅನ್ನೋ ಚಿಕ್ಕ ಕಾಲೇಜಿನಿಂದ ಬಂದವರು. ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ಆಮೇಲೆ ಆರ್ಸೆನಲ್‌ವರೆಗೆ ಹೋದರು, 2022ರ ವಿಶ್ವಕಪ್‌ನಲ್ಲಿ ಅಮೆರಿಕದ ಗೋಲು ಕಾದರು. ಕೆನಡಾದ ಟೇಜಾನ್ ಬುಕಾನನ್ ಸಿರಕ್ಯೂಸ್‌ನಲ್ಲಿ ಆಡಿ ಇಂಟರ್ ಮಿಲಾನ್ ತಲುಪಿದರು. ಇವರೆಲ್ಲ ಸಾವಿರಾರು ಹುಡುಗರಲ್ಲಿ ಬೆರಳೆಣಿಕೆಯವರು. ಉಳಿದವರಿಗೆ ಕಾಲೇಜು ಕೊಡುವುದು ಡಿಗ್ರಿ, ನಾಲ್ಕು ವರ್ಷದ ಒಳ್ಳೆಯ ಆಟ, ಜೊತೆಗೆ ಜೀವನಪರ್ಯಂತ ಉಳಿಯುವ ಗೆಳೆಯರು. ನನ್ನ ಕಣ್ಣಿಗೆ ಅದು ಕಡಿಮೆಯದ್ದಲ್ಲ.

ಈಗ ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಗಾಬರಿ ಆಗಿದ್ದು ಹೇಳುತ್ತೇನೆ. ಅದು ಏಜೆಂಟ್ ಅಲ್ಲ. ಕೋಚ್ ಹೇಳಿದ ‘ಎರಡು ವರ್ಷ ಇಲ್ಲೇ ಆಡಲಿ’ ಮತ್ತು ನೀವು ಯೋಚಿಸಿದ ‘ಅಲ್ಲಿಯವರೆಗೆ ಬಿ.ಕಾಂ.’. ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಎರಡೂ ಅವನ ಗಡಿಯಾರವನ್ನು ಓಡಿಸಿಬಿಡುತ್ತವೆ.

ಡಿವಿಷನ್ 1ರ ನಿಯಮ ಬಹಳ ಕಾಲದಿಂದ ಹೀಗಿದೆ. ಯಾವುದೇ ದೇಶದಲ್ಲಿ, ಯಾವುದೇ ಕಾಲೇಜಿನಲ್ಲಿ, ಪೂರ್ಣಾವಧಿ ಡಿಗ್ರಿಗೆ ಸೇರಿದ ದಿನದಿಂದ ಐದು ವರ್ಷದ ಲೆಕ್ಕ ಶುರು. ಆ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು. ಮೈಸೂರಿನಲ್ಲಿ ಬಿ.ಕಾಂ.ಗೆ ಸೇರಿದರೂ ಆ ಲೆಕ್ಕ ಶುರುವಾದ ಹಾಗೇ. ಇನ್ನೊಂದು, ಪಿಯುಸಿ ಮುಗಿದ ಮೇಲೆ ಸಾಕರ್ ಹುಡುಗರಿಗೆ ಒಂದು ವರ್ಷದ ವಿನಾಯಿತಿ ಇರುತ್ತದೆ. ಅದನ್ನು ದಾಟಿಯೂ ಕಾಲೇಜಿಗೆ ಸೇರದೆ ಲೀಗ್ ಆಡುತ್ತಾ ಇದ್ದರೆ, ಆಡಿದ ಒಂದೊಂದು ವರ್ಷಕ್ಕೆ ಒಂದೊಂದು ಸೀಸನ್ ಕೈಬಿಡುತ್ತದೆ. ಸೇರಿದ ಮೇಲೆ ಮೊದಲ ವರ್ಷ ಸುಮ್ನೆ ಬೆಂಚಿನಲ್ಲಿ ಕೂರಬೇಕಾಗಬಹುದು. ಈ ವಯಸ್ಸಿನ ನಿಯಮಗಳನ್ನು ಬದಲಿಸುವ ಮಾತು ಅಲ್ಲಿ ಜೋರಾಗಿ ನಡೆಯುತ್ತಿದೆ. ನಿಮ್ಮ ಮಗನಿಗೆ ಅನ್ವಯಿಸುವುದು ಅವನು ಸೇರುವ ವರ್ಷದ ನಿಯಮ. ಆದ್ದರಿಂದ ಯಾವುದೇ ಹೆಜ್ಜೆ ಇಡುವ ಮೊದಲು ಆಟಗಾರರ ಅರ್ಹತೆ ತೀರ್ಮಾನಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಿ, ಅವರಿಂದಲೇ ಬರಹದಲ್ಲಿ ಉತ್ತರ ಪಡೆಯಿರಿ.

ಕ್ಲಬ್ಬಿನ ದುಡ್ಡೂ ಇಷ್ಟೇ ಮುಖ್ಯ. ಬಸ್ಸು, ಊಟ, ವಸತಿ, ಬೂಟು, ಇಂಥ ನಿಜವಾದ ಖರ್ಚಿಗೆ ಕೊಟ್ಟ ದುಡ್ಡು ತಪ್ಪಲ್ಲ. ಅದನ್ನು ಮೀರಿ ಕೊಟ್ಟಿದ್ದರೆ ಅದು ಸಂಬಳ ಅನ್ನಿಸಿಕೊಳ್ಳಬಹುದು. ನಿಮ್ಮ ಮಗನನ್ನು ಕ್ಲಬ್ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಟಗಾರರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ನೋಂದಾಯಿಸಿರುತ್ತದೆ. ಅದರಲ್ಲಿ ‘ಅಮೆಚೂರ್’ ಅಂತ ಇದೆಯೋ ‘ಪ್ರೊಫೆಷನಲ್’ ಅಂತ ಇದೆಯೋ, ಮೊದಲು ನೋಡಿ. ಎಷ್ಟೋ ಹುಡುಗರಿಗೆ ತಾವು ಯಾವ ಕಾಗದಕ್ಕೆ ಸಹಿ ಹಾಕಿದೆವು ಅಂತಲೇ ಗೊತ್ತಿರುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಈ ಟೂರ್ನಮೆಂಟಿನ ಇತಿಹಾಸದಲ್ಲಿ ಎರಡು ಸಲ ಗೆದ್ದವರ ಕೈಯಿಂದ ಪಟ್ಟ ವಾಪಸ್ ಹೋಗಿದೆ. ಎರಡಕ್ಕೂ ಕಾರಣ ಆಟಗಾರರ ಅರ್ಹತೆಯ ತಕರಾರು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ್ದು. ಅದಕ್ಕೂ ಮೊದಲು 1971ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದ್ದು. ಹೊವಾರ್ಡ್ ಕಪ್ಪು ಜನರಿಗಾಗಿ ಕಟ್ಟಿದ ಕಾಲೇಜು. ಕೋಚ್ ಲಿಂಕನ್ ಫಿಲಿಪ್ಸ್ ಟ್ರಿನಿಡಾಡ್‌ನವರು. ತಂಡದಲ್ಲಿ ಕೆರಿಬಿಯನ್, ಆಫ್ರಿಕಾದ ಹುಡುಗರು. 1971ರ ಫೈನಲ್‌ನಲ್ಲಿ ಅವರು ಸೇಂಟ್ ಲೂಯಿಸ್ ತಂಡವನ್ನು 3-2ರಿಂದ ಸೋಲಿಸಿದರು. ಆಮೇಲೆ ತಕರಾರು ಎದ್ದಿತು. ಕೆಲವು ಹುಡುಗರು ತಮ್ಮ ದೇಶದಲ್ಲಿ ಮೊದಲೇ ಕ್ಲಬ್ ಆಟ ಆಡಿದ್ದರು ಅನ್ನೋದೂ ಅದರಲ್ಲಿ ಒಂದು. ಪಟ್ಟ ಕಿತ್ತುಕೊಂಡರು. ವಿಷಯ ಕೋರ್ಟಿಗೆ ಹೋಯಿತು. ಹೊರದೇಶದವರಿಗೆ ಮಾತ್ರ ಬೇರೆ ಅಳತೆಗೋಲು ಇಟ್ಟ ಆ ನಿಯಮವೇ ಸರಿಯಲ್ಲ ಅಂತ ಕೋರ್ಟ್ ಹೇಳಿತು. ಆದರೆ ಪಟ್ಟ ಮಾತ್ರ ವಾಪಸ್ ಬರಲಿಲ್ಲ. 1974ರಲ್ಲಿ ಅದೇ ಹೊವಾರ್ಡ್ ಒಂದೂ ಪಂದ್ಯ ಸೋಲದೆ ಫೈನಲ್ ತಲುಪಿತು. ಸೇಂಟ್ ಲೂಯಿಸ್ ಊರಿನಲ್ಲೇ ಸೇಂಟ್ ಲೂಯಿಸ್ ತಂಡವನ್ನು ಹೆಚ್ಚುವರಿ ಸಮಯಗಳ ನಂತರ 2-1ರಿಂದ ಸೋಲಿಸಿತು. ನನಗೆ ಈ ಟೂರ್ನಮೆಂಟ್‌ನಲ್ಲಿ ಎಲ್ಲಕ್ಕಿಂತ ಪ್ರೀತಿಯ ಕಥೆ ಇದು. ನಿಯಮ ಅನ್ಯಾಯದ್ದೇ ಆಗಿದ್ದರೂ, ಅದರ ಏಟು ಬಿದ್ದಿದ್ದು ಮನೆಯಿಂದ ಸಾವಿರಾರು ಮೈಲಿ ದೂರ ಬಂದ ಹುಡುಗರ ಮೇಲೆ. ನಿಮ್ಮ ಮಗನೂ ಅಷ್ಟು ದೂರ ಹೋಗುವವನೇ.

ನಾನು ಕೆಲಸ ಮಾಡಿದ ಒಂದು ಕಾಲೇಜಿಗೆ ಹೊರದೇಶದ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಡಿಫೆಂಡರ್. ಊರಿನ ಕ್ಲಬ್ ಕೊಟ್ಟ ದುಡ್ಡಿನ ವಿಷಯ ಫಾರ್ಮ್‌ನಲ್ಲಿ ಬರೆದಿರಲಿಲ್ಲ. ಬರೆಯಬೇಡ ಅಂತ ಯಾರೋ ಹೇಳಿಕೊಟ್ಟಿದ್ದರು. ಅಕ್ಟೋಬರ್‌ನಲ್ಲಿ ಅದು ಹೊರಬಂತು. ಬರೆದಿದ್ದರೆ ಕೆಲವು ಪಂದ್ಯ ಹೊರಗೆ ಕೂತು ಮುಗಿಯುತ್ತಿತ್ತು. ಮುಚ್ಚಿಟ್ಟಿದ್ದರಿಂದ ಇಡೀ ಸೀಸನ್ ಹೋಯಿತು. ಅವನ ಅಪ್ಪ ಫೋನ್‌ನಲ್ಲಿ ಅತ್ತಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಏನಿದೆಯೋ ಎಲ್ಲ ಬರೆಯಿರಿ. ಒಂದು ರೂಪಾಯಿಯನ್ನೂ ಬಿಡಬೇಡಿ.

ಓದಿನ ಅರ್ಹತೆ ನಿಮ್ಮ ಮಗನಿಗೆ ಅಷ್ಟು ಕಷ್ಟ ಆಗಲಾರದು. ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಮುಖ್ಯ ವಿಷಯಗಳನ್ನು ನೋಡುತ್ತಾರೆ. ಒಟ್ಟು 16 ಕೋರ್ಸ್, ಅವುಗಳಲ್ಲಿ 4.0ಕ್ಕೆ ಕನಿಷ್ಠ 2.3 ಸರಾಸರಿ. ಅದರಲ್ಲಿ ಮೂರು ವರ್ಷದ ಗಣಿತ ಬೇಕು. ಪಿಯುಸಿಯಲ್ಲಿ ಗಣಿತವೇ ಇಲ್ಲದ ಕಾಮರ್ಸ್ ಹುಡುಗರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಬೇಸಿಕ್ ಮ್ಯಾಥ್ಸ್ ತಗೊಂಡಿದ್ದು ಒಳ್ಳೆಯದಾಯಿತು. ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಅಂಕಗಳನ್ನು ಮುಖ್ಯ ವಿಷಯಕ್ಕೆ ಸೇರಿಸಿಕೊಳ್ಳುತ್ತಾರೆ ಅಂತ ನಂಬಿ ಕೂರಬೇಡಿ. ಒಂಬತ್ತನೇ ತರಗತಿಯ ಅಂಕಪಟ್ಟಿ ಶಾಲೆಯಲ್ಲಿ ಸಿಗುವಾಗಲೇ ತೆಗೆದುಕೊಳ್ಳಿ. ಎಲ್ಲರೂ ಕಳೆದುಕೊಳ್ಳುವುದು ಅದನ್ನೇ.

ಆಟದ ಬಗ್ಗೆಯೂ ಎರಡು ಮಾತು. ಸೀಸನ್ ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ, ಅಷ್ಟೇ. ವಾರಕ್ಕೆ ಎರಡು ಪಂದ್ಯ. ಹೊರಗೆ ಹೋದ ಆಟಗಾರ ಕೆಲವು ಮಿತಿಗಳೊಂದಿಗೆ ಮತ್ತೆ ಒಳಗೆ ಬರಬಹುದು. ಹಾಗಾಗಿ ಎದುರಾಳಿಗಳ ಕಾಲು ದಣಿಯುವುದೇ ಇಲ್ಲ. ವೇಗ, ಮೈಬಲ ಎರಡೂ ಜಾಸ್ತಿ ಬೇಕು. ಸೀಸನ್ನನ್ನು ಎರಡು ಸೆಮಿಸ್ಟರ್‌ಗೆ ಹಂಚಿ ಅಂತ ಕೋಚ್‌ಗಳು ವರ್ಷಗಳಿಂದ ಕೇಳುತ್ತಿದ್ದಾರೆ. ಅದು ಸರಿಯಾದ ಬೇಡಿಕೆ ಅಂತ ನನಗೂ ಅನ್ನಿಸುತ್ತದೆ. ಅಭ್ಯಾಸಕ್ಕೆ ವಾರಕ್ಕೆ 20 ಗಂಟೆ ಮಿತಿ ಇದೆ, ಆದರೆ ಪ್ರಯಾಣದ ಗಂಟೆಗಳು ಅದರಲ್ಲಿ ಸೇರುವುದಿಲ್ಲ. ಕಾಲೇಜ್ ಕಪ್ ನಡೆಯುವ ಡಿಸೆಂಬರ್ ಹೊತ್ತಿಗೇ ಸೆಮಿಸ್ಟರ್ ಪರೀಕ್ಷೆಗಳೂ ಬರುತ್ತವೆ.

ಇದಕ್ಕಿಂತ ದೊಡ್ಡ ಸವಾಲು ವಯಸ್ಸಿನದು. ಈಗ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗಬಹುದು. ಪಟ್ಟದ ಮೇಲೆ ಕಣ್ಣಿಟ್ಟ ಕೋಚ್ ಒಬ್ಬ 18ರ ಹೊಸ ಹುಡುಗನಿಗಿಂತ, ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಿ ಗಟ್ಟಿಯಾದ 21ರ ಹುಡುಗನನ್ನೇ ಆರಿಸುತ್ತಾರೆ. ಯುರೋಪಿನ ಕ್ಲಬ್ ಅಕಾಡೆಮಿಗಳಲ್ಲಿ ಬೆಳೆದವರೂ ಬರುತ್ತಾರೆ. ನಿಮ್ಮ ಮಗ ಮಿಡ್‌ಫೀಲ್ಡ್‌ನಲ್ಲಿ ಪೈಪೋಟಿ ಮಾಡಬೇಕಾಗಿರುವುದು ಇಂಥವರ ಜೊತೆ.

ಹೀಗಿರುವಾಗ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ನೋಡುವುದು ಡಿವಿಷನ್ 3 ಮತ್ತು ಡಿವಿಷನ್ 2ರ ಕಾಲೇಜುಗಳನ್ನು. ಮೆರಿಟ್ ನೆರವು ಚೆನ್ನಾಗಿ ಕೊಡುವ, ಮೊದಲ ವರ್ಷದಲ್ಲೇ ಅವನು ಮೈದಾನಕ್ಕೆ ಇಳಿಯಬಹುದಾದ ಕಾಲೇಜುಗಳು. ಅಲ್ಲಿ ಚೆನ್ನಾಗಿ ಆಡಿದರೆ ಎರಡು ವರ್ಷದ ಮೇಲೆ ಡಿವಿಷನ್ 1ಕ್ಕೆ ಹೋಗುವ ದಾರಿ ತೆರೆದಿರುತ್ತದೆ. ಇದರಲ್ಲೂ ಅಪಾಯ ಇದೆ. ಕಾಲೇಜು ಬದಲಿಸಿದಾಗ ಓದಿದ ಎಲ್ಲ ಕ್ರೆಡಿಟ್ ಹೊಸ ಕಾಲೇಜು ಒಪ್ಪದೇ ಇರಬಹುದು. ಆಗ ಒಂದು ಸೆಮಿಸ್ಟರ್ ಜಾಸ್ತಿ, ಅದರ ಫೀಸೂ ಜಾಸ್ತಿ. ಎರಡು ವರ್ಷದ ಜೂನಿಯರ್ ಕಾಲೇಜಿನಿಂದ ಶುರು ಮಾಡುವುದು ಇನ್ನೂ ಅಗ್ಗ. ಆದರೆ ಊರು ಚಿಕ್ಕದಿರುತ್ತದೆ, ಒಂಟಿತನ ಕಾಡುತ್ತದೆ. 18ರ ಹುಡುಗನಿಗೆ ಅದು ಸಣ್ಣ ವಿಷಯ ಅಲ್ಲ. ನೇರ ಡಿವಿಷನ್ 1 ಆಫರ್ ಬಂದರೆ ಕೋಚ್‌ಗೆ ಒಂದೇ ಪ್ರಶ್ನೆ ಕೇಳಿಸಿ: ‘ನನ್ನ ಜಾಗದಲ್ಲಿ ಈಗ ಯಾರಿದ್ದಾರೆ, ಅವರಿಗೆ ಇನ್ನೆಷ್ಟು ವರ್ಷ ಬಾಕಿ ಇದೆ?’ ಸ್ಕಾಲರ್‌ಶಿಪ್ ಒಂದೇ ವರ್ಷಕ್ಕೋ ನಾಲ್ಕು ವರ್ಷಕ್ಕೋ ಅನ್ನೋದು ಬರಹದಲ್ಲಿ ಇರಬೇಕು. ಹೋಗದೇ ಇರುವುದೂ ಒಂದು ಆಯ್ಕೆಯೇ. ಬೆಂಗಳೂರಿನಲ್ಲಿ ಒಳ್ಳೆಯ ಡಿಗ್ರಿ, ಜೊತೆಗೆ ಲೀಗ್ ಆಟ. ಹಾಗೆ ಮಾಡಿದರೆ ಅಮೆರಿಕದ ಕಾಲೇಜು ಆಟದ ಬಾಗಿಲು ನಿಧಾನವಾಗಿ ಮುಚ್ಚುತ್ತದೆ ಅಂತ ತಿಳಿದೇ ಆರಿಸಿಕೊಳ್ಳಬೇಕು.

ಕೋಚ್‌ಗಳಿಗೆ ಪತ್ರ ಬರೆಯೋಕೆ ಏಜೆಂಟ್ ಬೇಕಾಗಿಲ್ಲ. ಮಗನೇ ಬರೆಯಲಿ, ನೀವು ಬರೆದುಕೊಡಬೇಡಿ. ಹೆಸರು, ಹುಟ್ಟಿದ ವರ್ಷ, ಆಡುವ ಜಾಗ, ಎತ್ತರ, ಅಂಕಗಳು, ಮನೆಯಿಂದ ವರ್ಷಕ್ಕೆ ಎಷ್ಟು ಕೊಡಬಲ್ಲಿರಿ ಅನ್ನೋ ಮೊತ್ತ. ನಾಲ್ಕು ನಿಮಿಷದ ವಿಡಿಯೊ. ಅದರ ಜೊತೆ ಎರಡು ಪೂರ್ತಿ ಪಂದ್ಯಗಳ ಲಿಂಕ್ ಇರಲೇಬೇಕು. ಗೋಲುಗಳನ್ನು ಎಲ್ಲರೂ ಕಳಿಸುತ್ತಾರೆ. ಚೆಂಡು ಕಳೆದುಕೊಂಡ ಮೇಲೆ ಮಿಡ್‌ಫೀಲ್ಡರ್ ಏನು ಮಾಡುತ್ತಾನೆ ಅನ್ನೋದನ್ನು ನಾನು ಪೂರ್ತಿ ಪಂದ್ಯದಲ್ಲಿ ಮಾತ್ರ ನೋಡಲು ಸಾಧ್ಯವಾಗುತ್ತಿತ್ತು. 40 ಕಾಲೇಜಿಗೆ ಬರೆದರೆ ಆರೇಳು ಉತ್ತರ ಬರಬಹುದು. ಅದರಲ್ಲಿ ‘ನಮ್ಮ ಬೇಸಿಗೆ ಕ್ಯಾಂಪ್‌ಗೆ ಬನ್ನಿ’ ಅನ್ನೋದು ಆಯ್ಕೆಯ ಕರೆ ಅಲ್ಲ. ಫೀಸ್ ಕಟ್ಟುವ ಎಲ್ಲರಿಗೂ ಅದು ಹೋಗಿರುತ್ತದೆ. ಕೋಚ್ ತಾವೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರೆ ಅದು ಬೇರೆ.

ಈ ವಾರ ಮಾಡಬೇಕಾದ್ದು ಎರಡೇ ಕೆಲಸ. ಒಂದು, ಕ್ಲಬ್ಬಿನ ಕಾರ್ಯದರ್ಶಿ ಹತ್ತಿರ ಹೋಗಿ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಯಾವ ತಿಂಗಳಿನಿಂದ ಎಷ್ಟು ಕೊಟ್ಟರು, ಯಾವ ಖರ್ಚಿಗೆ ಕೊಟ್ಟರು, ನೋಂದಣಿ ಯಾವ ರೀತಿಯದ್ದು. ಬ್ಯಾಂಕ್ ಪಾಸ್‌ಬುಕ್‌ನ ಲೆಕ್ಕ ಅದಕ್ಕೆ ತಾಳೆ ಆಗಬೇಕು. ಇನ್ನೊಂದು, ಯಜಮಾನರ ಜೊತೆ ಕೂತು ಸೈಟು ಮುಟ್ಟದೆ ವರ್ಷಕ್ಕೆ ಎಷ್ಟು ಕೊಡಬಹುದು ಅಂತ ಒಂದು ಮೊತ್ತ ಬರೆದಿಡಿ. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಎರಡು ಕಾಗದ ಕೈಯಲ್ಲಿ ಹಿಡಿದು ನನಗೆ ಮತ್ತೆ ಬರೆಯಿರಿ. ಯಾವ ಕಾಲೇಜುಗಳಿಗೆ ಬರೆಯಬಹುದು ಅಂತ ಒಟ್ಟಿಗೆ ನೋಡೋಣ.